ತಾರೀಖಿಲ್ಲದ ರಾಜೀನಾಮೆ

ಕಳೆದ ಶನಿವಾರ ಚಳಿಗಾಲದ ಹೊದಿಕೆಗಳನ್ನು ಅಟ್ಟದಿಂದ ಇಳಿಸುವಾಗ ಒಂದು ಕಂಬಳಿ ಜಾರಿ ನನ್ನ ಮುಖದ ಮೇಲೇ ಬಿತ್ತು. ಕಂದು ಬಣ್ಣದ್ದು, ಅಂಚಿಗೆ ಜೋಳದ ತೆನೆಯ ಚಿತ್ತಾರ. ಉಣ್ಣೆಯ ವಾಸನೆ, ನುಸಿಗುಳಿಗೆಯ ವಾಸನೆ, ಅದರೊಳಗೆಲ್ಲೋ ಸಣ್ಣಗೆ ಆಸ್ಪತ್ರೆಯ ಸೋಪಿನ ವಾಸನೆ... ಏಣಿಯ ಮೇಲಿದ್ದವನು ಹಾಗೇ ನಿಂತುಬಿಟ್ಟೆ. ಕೆಳಗಿನಿಂದ ಹೆಂಡತಿ, "ಏನ್ರೀ, ಅಲ್ಲೇ ಮನೆ ಮಾಡ್ತೀರಾ? ಇಳೀರಿ" ಎಂದಳು. ಕಂಬಳಿ ಕಂಡ ಮೇಲೆ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅದು ಆಪಾ ಕೊಟ್ಟದ್ದು.

ಆಪಾ ನನಗೆ ರಕ್ತಸಂಬಂಧಿಯಲ್ಲ. ನಾನು ಬೆಂಗಳೂರಿನಿಂದ ಬಂದು ಡಬ್ಲಿನ್ನಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಡಾಕ್ಟರಾಗಿ ಸೇರಿದಾಗ ಅವರು ಅಲ್ಲಿ ಹಿರಿಯ ಮಿಡ್‌ವೈಫ್. ಇಲ್ಲಿನ ತಾಯಂದಿರ ಮಾತಿನ ಧಾಟಿ ಅರ್ಥವಾಗದೆ ನಾನು ಒದ್ದಾಡುತ್ತಿದ್ದ ದಿನಗಳಲ್ಲಿ ಪಕ್ಕದಲ್ಲಿ ನಿಂತು ಕಾಪಾಡಿದವರು. "ಅವಳು ಗ್ರ್ಯಾಂಡ್, ಚೆನ್ನಾಗೇ ಇದ್ದೀನಿ ಅಂದಳು ಅಂತ ಹೊರಟುಬಿಡಬೇಡ, ಮುಖ ನೋಡು" ಎಂದು ಹೇಳಿಕೊಟ್ಟವರು. ವಯಸ್ಸಿನಲ್ಲಿ ದೊಡ್ಡವರು, ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಒಂದು ದಿನ ಆಪಾ ಅಂದೆ, ಅಕ್ಕ ಎಂದು ಅರ್ಥ ಹೇಳಿದೆ. ಆಮೇಲೆ ಅದೇ ಆಯಿತು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ಇತ್ತು. ಇಲ್ಲಿ ಬರೆಯುತ್ತಿರುವುದು ನನ್ನ ಕನ್ನಡ.

ಅವರು ಆಫ್ರಿಕಾದ ದಕ್ಷಿಣದಲ್ಲಿರುವ ಒಂದು ಬೆಟ್ಟಗಾಡಿನ ದೇಶದವರು. ದೇಶದ ಹೆಸರು ಬರೆಯುವುದಿಲ್ಲ, ಅಲ್ಲಿನ ಬೆಟ್ಟಗಳ ಮೇಲೆ ನನಗೇನೂ ಸಿಟ್ಟಿಲ್ಲ. ಅವರ ತಂಗಿ ಹೆರಿಗೆ ನೋವು ಶುರುವಾದ ಮೇಲೆ ಬೆಟ್ಟ ಇಳಿಯಲು ಹೊರಟು, ಅರ್ಧ ದಾರಿಯಲ್ಲಿ, ಕುದುರೆಯ ಮೇಲೆಯೇ ತೀರಿಕೊಂಡಿದ್ದರು. ಮಗು ಉಳಿಯಿತು. ಆಪಾಗೆ ಇದ್ದದ್ದು ಒಂದೇ ಹಟ: ಜಿಲ್ಲಾ ಆಸ್ಪತ್ರೆಯ ಪಕ್ಕದಲ್ಲಿ ಒಂದು ಮನೆ ಬೇಕು, ದಿನ ತುಂಬುತ್ತ ಬಂದ ಹೆಂಗಸರು ಎರಡು ವಾರ ಮೊದಲೇ ಇಳಿದು ಬಂದು ಅಲ್ಲಿ ಇರಬೇಕು. ಅಷ್ಟೇ. ಅದಕ್ಕಾಗಿಯೇ ಅವರು ತಮ್ಮ ದೇಶದ ಒಂದು ಸಣ್ಣ ಪಕ್ಷಕ್ಕೆ ಸೇರಿ, ರಜಾದಿನಗಳಲ್ಲಿ ಇಲ್ಲಿನ ತಮ್ಮವರನ್ನು ಕೂಡಿಸಿ ಸಭೆ ಮಾಡುತ್ತಿದ್ದರು.

ಒಂದು ಚುನಾವಣೆಯಲ್ಲಿ ಅಲ್ಲಿನ ಯಾವ ದೊಡ್ಡ ಪಕ್ಷಕ್ಕೂ ಬಹುಮತ ಬರಲಿಲ್ಲ. ಬೆರಳೆಣಿಕೆಯ ಶಾಸಕರಿದ್ದ ಆಪಾನ ಪಕ್ಷದ ಮನೆಬಾಗಿಲಿಗೆ ಎಲ್ಲರೂ ಬಂದರು. ಮೂರು ಪಕ್ಷಗಳ ಸರ್ಕಾರವಾಯಿತು. ಟೀ ವಿರಾಮದಲ್ಲಿ ಆಪಾ ವಾರ್ಡಿನ ಡ್ಯೂಟಿ ಪಟ್ಟಿಯ ಹಿಂಬದಿಯಲ್ಲಿ ಸಂಪುಟದ ನಕ್ಷೆ ಬಿಡಿಸಿ ತೋರಿಸಿದ್ದರು. ಹಣಕಾಸು ದೊಡ್ಡ ಪಕ್ಷಕ್ಕೆ, ಗೃಹ ಎರಡನೆಯದಕ್ಕೆ. ಮಂತ್ರಿ ಒಂದು ಪಕ್ಷದವನಾದರೆ ಉಪಮಂತ್ರಿ ಇನ್ನೊಂದು ಪಕ್ಷದವನು. "ಮಾರ್ಫಿನ್ ಕಪಾಟಿಗೆ ಇಬ್ಬರ ಸಹಿ ಕೇಳ್ತೀವಲ್ಲ, ಹಾಗೆ. ಯಾರ ಮೇಲೂ ಯಾರಿಗೂ ನಂಬಿಕೆಯಿಲ್ಲ" ಎಂದು ನಕ್ಕರು. ಕೆಳಗಿನ ಮೂಲೆಯಲ್ಲಿ 'ಆರೋಗ್ಯ, ಉಪ' ಎಂಬ ಚೌಕದೊಳಗೆ ಒಂದು ಪ್ರಶ್ನೆ ಚಿಹ್ನೆ ಇತ್ತು. ಅದು ಅವರದೇ ಎಂದು ನನಗೆ ಎರಡು ದಿನ ಬಿಟ್ಟು ಗೊತ್ತಾಯಿತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಅಬ್ಬಾ ಬೆಂಗಳೂರಿನಲ್ಲಿ ಮಂತ್ರಿಗಳ ಬಾಗಿಲಲ್ಲಿ ದಫೇದಾರರಾಗಿದ್ದವರು. ಬಿಳಿ ಸಮವಸ್ತ್ರ, ಕೆಂಪು ಪಟ್ಟಿ. ಎಷ್ಟು ಸರ್ಕಾರ ಬಂದವು, ಎಷ್ಟು ಬಿದ್ದವು, ಯಾರು ಯಾವ ರೆಸಾರ್ಟಿನಲ್ಲಿ ಬೀಡುಬಿಟ್ಟರು, ಎಲ್ಲವೂ ನಮ್ಮ ಮನೆಯಲ್ಲಿ ಊಟದ ಜೊತೆ ಬಡಿಸುತ್ತಿದ್ದ ಸುದ್ದಿ. ಹಾಗಾಗಿ ಸಮ್ಮಿಶ್ರ ಸರ್ಕಾರ ಎಂದರೆ ನನಗೆ ನೀರು ಕುಡಿದಷ್ಟು ಸಲೀಸು ಎಂಬ ಭ್ರಮೆ ನನಗಿತ್ತು. ಡಬ್ಲಿನ್ ಹೊರವಲಯದ ಲೂಕನ್ನಿನ ನಮ್ಮ ಗೆಳೆಯರ ಕೂಟದಲ್ಲಿ ಯಾವ ದೇಶದ ಸಂಪುಟವನ್ನಾದರೂ ಕೂತಲ್ಲೇ ರಚಿಸಿ ಕೆಡವಬಲ್ಲ ಪಂಡಿತ ನಾನು.

ಆ ಭಾನುವಾರ ಆಪಾ ನಮ್ಮ ಮನೆಗೆ ಬಂದರು. ಬಿರಿಯಾನಿ ಮುಟ್ಟಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಪಕ್ಷದ ಅಧ್ಯಕ್ಷ ಕಳಿಸಿದ್ದು. 'ವೈಯಕ್ತಿಕ ಕಾರಣಗಳಿಂದ ನನ್ನ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.' ಕೆಳಗೆ ಆಪಾನ ಹೆಸರು. ತಾರೀಖಿನ ಜಾಗ ಖಾಲಿ. ಸಹಿ ಮಾಡಿ ಕೊಟ್ಟರೆ ಮಾತ್ರ ಮೇಲ್ಮನೆಗೆ ನಾಮನಿರ್ದೇಶನ, ಆಮೇಲೆ ಉಪಮಂತ್ರಿ ಪದವಿ. ಜೊತೆಗೆ ಇಲ್ಲಿನ ಕೆಲಸವನ್ನೂ ಮಿಡ್‌ವೈಫ್ ನೋಂದಣಿಯನ್ನೂ ಬಿಟ್ಟು ಬರಬೇಕು.

"ಸೇರುವ ಮೊದಲೇ ಬಿಡುವ ಪತ್ರವೇ? ನನಗೆ ಇದು ಸರಿ ಕಾಣ್ತಿಲ್ಲ. ನೀನು ಇದನ್ನೆಲ್ಲ ನೋಡಿ ಬೆಳೆದವನು, ಹೇಳು" ಎಂದರು.

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಇದೆಲ್ಲ ಮಾಮೂಲಿ ಆಪಾ. ಸಮ್ಮಿಶ್ರ ಸರ್ಕಾರ ಅಂದ ಮೇಲೆ ಶಿಸ್ತಿಗೆ ಅಂತ ಬರೆಸ್ಕೊಂಡು ಬೀರುವಿನಲ್ಲಿ ಇಡ್ತಾರೆ. ಯಾರೂ ಹೊರಗೆ ತೆಗೆಯಲ್ಲ. ಮಾಡಿಬಿಡಿ" ಎಂದೆ. ಅಬ್ಬಾ ಇಂಥ ಪತ್ರದ ಬಗ್ಗೆ ಒಮ್ಮೆಯೂ ಹೇಳಿರಲಿಲ್ಲ. ನಾನು ಅಂಥದ್ದನ್ನು ಕಂಡಿರಲೂ ಇಲ್ಲ, ಕೇಳಿರಲೂ ಇಲ್ಲ. ಕೇಳಿದವರ ಮುಂದೆ ಸಣ್ಣವನಾಗಲು ಮನಸ್ಸು ಬರಲಿಲ್ಲ, ಅಷ್ಟೇ. ನನ್ನದೇ ಪೆನ್ನು ಕೊಟ್ಟೆ. ಅವರು ಹೋದ ಮೇಲೆ ಹೆಂಡತಿ ತಟ್ಟೆ ಎತ್ತುತ್ತಾ, "ನಿಮಗ್ಯಾಕೆ ಬೇಕಿತ್ತು ರೀ ಈ ಉಸಾಬರಿ? ಗೊತ್ತಿಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ನಾನು ಅವಳ ಮೇಲೆ ರೇಗಿದೆ.

ತಮ್ಮ ದೇಶಕ್ಕೆ ಹೊರಡುವ ಮುನ್ನ ಆಪಾ ಆ ಕಂಬಳಿಯನ್ನು ನನ್ನ ಮಗಳ ಹೆಗಲಿಗೆ ಹೊದಿಸಿ ಹೋದರು.

ಆಮೇಲಿನ ಹತ್ತು ತಿಂಗಳು ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಆ ಧ್ವನಿಯನ್ನು ನಾನು ವಾರ್ಡಿನಲ್ಲಿ ಎಂದೂ ಕೇಳಿರಲಿಲ್ಲ, ಅಷ್ಟು ಹುರುಪು. ಮಂತ್ರಿ ಬೇರೆ ಪಕ್ಷದವನು, ಫೈಲು ಮುಟ್ಟಲು ಬಿಡುತ್ತಿರಲಿಲ್ಲ; ಆದರೂ ಜಿಲ್ಲಾ ಆಸ್ಪತ್ರೆಯ ಪಕ್ಕದ ಹಳೆಯ ಸರ್ಕಾರಿ ಅತಿಥಿಗೃಹವನ್ನು ಬೇಡಿ, ಕಾಡಿ, ಕೊನೆಗೆ ಅವನ ಕೋಣೆಯ ಹೊರಗೆ ಬೆಂಚಿನ ಮೇಲೆ ದಿನಗಟ್ಟಲೆ ಕೂತು ಪಡೆದುಕೊಂಡಿದ್ದರು. ಮಂಚ, ಹಾಸಿಗೆ, ಅಡುಗೆ ಒಲೆ ಬಂದವು. ಗೋಡೆಗೆ ಹಳದಿ ಬಣ್ಣ ಹಚ್ಚಿಸಿದ್ದರು. ಉದ್ಘಾಟನೆಗೆ ಬೆಟ್ಟದ ಹೆಂಗಸರೆಲ್ಲ ಬರುತ್ತಾರೆ ಎಂದಿದ್ದರು...

ಉದ್ಘಾಟನೆಯ ಬೆಳಿಗ್ಗೆ ಅವರು ಅಲ್ಲಿಗೇ ಹೊರಟಿದ್ದರು. ಆ ವಾರ ಪಕ್ಷದ ಇಬ್ಬರು ಶಾಸಕರು ಮುನಿಸಿಕೊಂಡು ಎದ್ದು ಹೋಗಿದ್ದರು. ಅವರನ್ನು ಸಮಾಧಾನ ಮಾಡಲು ಅಧ್ಯಕ್ಷನಿಗೆ ಒಂದು ಕುರ್ಚಿ ಬೇಕಾಯಿತು. ಬೀರುವಿನಿಂದ ಪತ್ರ ತೆಗೆದ, ತಾರೀಖು ಬರೆದ. ಸಂಪುಟ ಪುನರ್ರಚನೆಯ ಸುದ್ದಿಯನ್ನು ಆಪಾ ಕೇಳಿದ್ದು ಕಾರಿನ ರೇಡಿಯೋದಲ್ಲಿ: ಆರೋಗ್ಯ ಉಪಮಂತ್ರಿ ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡಿದ್ದಾರೆ. ಸ್ವಲ್ಪ ಹೊತ್ತಿಗೆ ಡ್ರೈವರನ ಫೋನು ಹೊಡೆದುಕೊಂಡಿತು. ಕಾರು ವಾಪಸು ತರಬೇಕೆಂದು ಆಜ್ಞೆ. ಅವನು ಅಳುತ್ತಲೇ ಅವರನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ಹೋದ. ಹಳದಿ ಮನೆಯ ಮುಂದೆ ಸಂಜೆಯವರೆಗೂ ಕಾದ ಹೆಂಗಸರಿಗೂ ಅದೇ ರೇಡಿಯೋ ಸುದ್ದಿ ಸಿಕ್ಕಿತು. ತಾನೇ ಬಿಟ್ಟು ಐರ್ಲೆಂಡಿಗೆ ಓಡಿದಳು ಎಂದರು. ಸಹಿ ಅವರದೇ. ಅಲ್ಲವೆಂದು ಯಾರ ಮುಂದೆ ಹೇಳುವುದು?

ಎರಡು ತಿಂಗಳಲ್ಲಿ ಆಪಾ ಇಲ್ಲಿಗೇ ಮರಳಿದರು. ಅವರ ಹುದ್ದೆ ಬೇರೆಯವರಿಗೆ ಹೋಗಿತ್ತು, ನೋಂದಣಿಯ ಕಾಗದಗಳು ಆಮೆಯ ಹಾಗೆ ತೆವಳುತ್ತಿದ್ದವು. ನೂರಾರು ಹೆರಿಗೆ ಮಾಡಿಸಿದ ಕೈ ಕಡಲ ದಂಡೆಯ ಡನ್ ಲಿಯರಿಯ ಒಂದು ವೃದ್ಧರ ಮನೆಯಲ್ಲಿ ಮುದುಕರ ಸಾಕ್ಸ್ ತೊಡಿಸುತ್ತಿತ್ತು. ಆ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಆಪಾ ಕೂಡ ಹೇಳಲಿಲ್ಲ. ಆದರೆ ಅವರನ್ನು ಅಲ್ಲಿ ನೋಡಿದಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಒಂದು ಮಧ್ಯಾಹ್ನ ಅವರ ಜೊತೆ ಅಲ್ಲಿ ಕಡಲೊಳಕ್ಕೆ ಚಾಚಿದ ಪಿಯರ್ ಮೇಲೆ ನಡೆದೆ. ತುದಿಯವರೆಗೂ ಹವಾಮಾನ, ಬಸ್ಸು, ಮಗಳ ಶಾಲೆ ಎಂದು ಏನೇನೋ ಮಾತಾಡಿ, ಕೊನೆಗೆ ಕ್ಷಮೆ ಕೇಳಿದೆ. ಆಪಾ ನನ್ನ ಕಡೆ ನೋಡಲಿಲ್ಲ.

"ನಿನಗೆ ಗೊತ್ತಿರಲಿಲ್ಲ, ಅಲ್ಲವಾ?" ಎಂದರು.

"ಇಲ್ಲ."

"ನನಗೆ ಅವತ್ತೇ ಅನುಮಾನ ಇತ್ತು. ಆದರೆ ನೀನು ಅಷ್ಟು ಬೇಗ ಹೇಳಿಬಿಟ್ಟೆ..."

ಅಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು. ವಾಪಸು ಬರುವಾಗ ಗಾಳಿ ಜೋರಾಗಿತ್ತು, ಆಪಾ ಕೋಟಿನ ಕಾಲರು ಎತ್ತಿಕೊಂಡು ಒಂದು ಹೆಜ್ಜೆ ಮುಂದೆಯೇ ನಡೆದರು. ಮುಂದಿನ ಮಾರ್ಚಿನಲ್ಲಿ ಕೆಲಸಕ್ಕೆ ಹೊರಟ ಆಪಾ ರೈಲು ನಿಲ್ದಾಣದಲ್ಲಿ ಕುಸಿದರು. ಹೃದಯಾಘಾತ, ಅಲ್ಲೇ ಹೋಗಿಬಿಟ್ಟರು. ನಾನು ಆ ಹೊತ್ತಿಗೆ ಆಪರೇಷನ್ ಕೋಣೆಯಲ್ಲಿದ್ದೆ.

ಸಹಿ ಮಾಡದಿದ್ದರೆ ಅವರಿಗೆ ಆ ಪದವಿಯೇ ಸಿಗುತ್ತಿರಲಿಲ್ಲ ಎಂದು ಹೆಂಡತಿ ಈಗ ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ವಾರ್ಡಿನಲ್ಲೇ ಇರುತ್ತಿದ್ದರು, ಊರಿನಲ್ಲಿ ಮಾನವಾದರೂ ಉಳಿಯುತ್ತಿತ್ತು. ಆ ಅಧ್ಯಕ್ಷ ಮಾತ್ರ ಗಟ್ಟಿಮುಟ್ಟಾಗಿದ್ದಾನೆ. ಸರ್ಕಾರ ಬಿದ್ದು ಮತ್ತೊಂದು ಬಂತು. ಬೇರೆ ಜೋಡಿ, ಬೇರೆ ಒಪ್ಪಂದ, ಅದರಲ್ಲೂ ಅವನು ಮಂತ್ರಿ. ಮುನಿಸಿಕೊಂಡವರನ್ನೆಲ್ಲ ಕೂರಿಸಲು ಖಾತೆಗಳು ಸಾಲದೆ ಹೊಸದೊಂದು ಖಾತೆ ಹುಟ್ಟಿಸಿದರು. ಅದಕ್ಕೊಂದು ಕಟ್ಟಡ ಬೇಕಲ್ಲ, ಹಳದಿ ಮನೆ ಕೊಟ್ಟರು. ಈ ಸಲದ ಪುನರ್ರಚನೆಯಲ್ಲಿ ಆ ಖಾತೆಯೂ ರದ್ದಾಯಿತು. ಈಗ ಮನೆಗೆ ಬೀಗ. ಬೀಗದ ಕೈ ಯಾವ ಇಲಾಖೆಯದೆಂದು ಇನ್ನೂ ತೀರ್ಮಾನವಾಗಿಲ್ಲವಂತೆ.

ಇದನ್ನೆಲ್ಲ ನನಗೆ ಬರೆದು ತಿಳಿಸುವವಳು ಆಪಾನ ತಂಗಿಯ ಮಗಳು, ಅಂದು ಬೆಟ್ಟದ ದಾರಿಯಲ್ಲಿ ಉಳಿದುಕೊಂಡ ಮಗು. ಈ ವಾರ ಅವಳ ಮೆಸೇಜು ಬಂತು. ಅವಳು ಈಗ ಎಂಟು ತಿಂಗಳ ಬಸುರಿ. ನೀವು ಡಾಕ್ಟರ್, ಎಷ್ಟು ದಿನ ಮೊದಲು ಬೆಟ್ಟ ಇಳಿಯಬೇಕು ಹೇಳಿ ಎಂದು ಕೇಳಿದ್ದಳು. ಎರಡು ವಾರ ಮೊದಲೇ ಇಳಿದುಬಿಡು, ತಡ ಮಾಡಬೇಡ ಎಂದು ಬರೆದೆ. ತಕ್ಷಣ ಉತ್ತರ ಬಂತು.

"ಇಳಿದು ಎಲ್ಲಿ ಇರಲಿ?"

ಮೂರು ದಿನವಾಯಿತು. ನಾನಿನ್ನೂ ಏನೂ ಬರೆದಿಲ್ಲ.