ಒಂದೇ ಬದಿಗೆ ಹಿಡಿಕೆ

ಶರಣಪ್ಪ ಬಡಿಗೇರರು ಯಾರ ಮನೆಗೆ ಕೆಲಸಕ್ಕೆ ಹೋದರೂ ಮೊದಲು ಅಲ್ಲಿನ ಚಪ್ಪಲಿಗಳ ನಡುವೆ ಕೂರುತ್ತಿದ್ದರು. ಪೆನ್ಸಿಲು ಕಿವಿಯ ಮೇಲೆ, ಟೇಪು ಜೇಬಿನೊಳಗೆ. ಬಾಗಿಲ ಪಕ್ಕ ಚಕ್ಕಳಮಕ್ಕಳ ಹಾಕಿ, ಮನೆಯವರು ಹೋಗಿಬರುವುದನ್ನು ಅರ್ಧ ಗಂಟೆ ಸುಮ್ಮನೆ ನೋಡುತ್ತಿದ್ದರು. ಮೊದಲ ದಿನ ನನಗೆ ಇವರು ಶುದ್ಧ ಮೈಗಳ್ಳ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ.

ಬೀದರ ಕಡೆಯವರು. ಸಿಕಂದರಾಬಾದಿನಲ್ಲಿ ಸಣ್ಣದೊಂದು ಅಂಗಡಿ ಇತ್ತು. ನಗರದ ಇನ್ನೊಂದು ತುದಿಯ ಮಣಿಕೊಂಡದಲ್ಲಿ ನಮ್ಮ ಎದುರಿನ ಫ್ಲಾಟಿಗೆ ಕಪಾಟು ಮಾಡಲು ಬಂದಿದ್ದರು. ಮನೆಯ ಮಾಲೀಕರೊಡನೆ ತೆಲುಗು, ಜೊತೆ ಕೆಲಸದವರೊಡನೆ ಹಿಂದಿ, ಹಲಗೆಯೊಡನೆ ಮಾತ್ರ ಕನ್ನಡ. 'ಇನ್ನೊಂದ ಚೂರು, ಆತು ತಡಿ' ಎಂದು ಅದನ್ನು ರಮಿಸುತ್ತಿದ್ದದ್ದು ಕೇಳಿಯೇ ನಾನು ಹೋಗಿ ಮಾತನಾಡಿಸಿದ್ದು.

ಆಗ ನನ್ನ ತಲೆಯಲ್ಲಿದ್ದದ್ದು ಅಪ್ಪನ ಚಿಂತೆ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ನನ್ನ ಜೊತೆ ಇದ್ದ ಅಪ್ಪನಿಗೆ ಬೆಳಗಿನ ವಾಕಿಂಗ್ ಅಂದರೆ ಜೀವ. ಮೊಣಕಾಲು ಸೋತಮೇಲೆ ನಿಂತುಕೊಂಡು ಬೂಟು ಹಾಕಲು ಆಗುತ್ತಿರಲಿಲ್ಲ. ಊಟದ ಕುರ್ಚಿಯಲ್ಲಿ ಕುಳಿತು ಹಾಕಿಕೊಳ್ಳಿ ಎಂದರೆ, ಬೂಟು ಹೊಸ್ತಿಲು ದಾಟಿ ಒಳಗೆ ಬರಕೂಡದು. ನಾನು ಬಗ್ಗಿ ಹಾಕಿಕೊಡಲು ಹೋದರೆ, ಮಗಳ ಕೈಲಿ ಕಾಲು ಮುಟ್ಟಿಸಿಕೊಳ್ಳಬಾರದೆಂದು ಹಿಂದೆಳೆದುಕೊಳ್ಳುತ್ತಿದ್ದರು. ಕೊನೆಗೆ ಮೊಬೈಲಿನಲ್ಲಿ ಚೆಂದ ಕಂಡ ಒಂದು ಬೆಂಚು ತರಿಸಿದೆ. ಮೆತ್ತನೆ ದಿಂಬು, ಗಿಡ್ಡ ಕಾಲು. ಬಾಗಿಲಿನ ಒಳಗೆ, ಕನ್ನಡಿಯ ಕೆಳಗೆ ಇಟ್ಟೆ. ನನ್ನ ಮನಸ್ಸು ನೋಯಬಾರದೆಂದು ಅಪ್ಪ ಕುಳಿತರು. ಆಮೇಲೆ ಏಳಲಾಗಲಿಲ್ಲ. ನಾನೂ ವಾಚ್‌ಮನ್ನನೂ ಸೇರಿ ಎತ್ತಿದೆವು. ಮರುದಿನದಿಂದ ವಾಕಿಂಗ್ ನಿಂತಿತು. ಕೇಳಿದರೆ ಬೇಸರ ಎಂದರು. ಅದು ಬೇಸರವಲ್ಲ, ಅವಮಾನ ಎಂದು ನನಗೆ ಗೊತ್ತಿತ್ತು.

ಇದನ್ನೆಲ್ಲ ಹೇಳಿಕೊಂಡಾಗ ಶರಣಪ್ಪನವರು ನಮ್ಮ ಮನೆಗೆ ಬಂದು ಅಪ್ಪನನ್ನು ಎರಡು ಸಲ ಲಿಫ್ಟಿನವರೆಗೆ ನಡೆಸಿದರು, ಕುರ್ಚಿಯಲ್ಲಿ ಕೂರಿಸಿ ಏಳಿಸಿದರು. ಆಮೇಲೆ ಜೇಬಿನಿಂದ ತೆಗೆದದ್ದು ಟೇಪಲ್ಲ, ದಾರ. ಹಿಮ್ಮಡಿಯಿಂದ ಮೊಣಕಾಲಿನ ಹಿಂಬದಿಯವರೆಗೆ ಅಳೆದು ಒಂದು ಗಂಟು ಹಾಕಿದರು. ಅದಕ್ಕಿಂತ ಎರಡು ಬೆರಳು ಮೇಲೆ ಇನ್ನೊಂದು. ಮೊಣಕಾಲು ಮುಂದೆ ಇನ್ನೂ ಸೋಲುತ್ತದೆ, ಆಗ ಕೂರುವ ಜಾಗ ಎತ್ತರ ಇರಬೇಕು ಎಂದು ಅದಕ್ಕೆ ಕಾರಣ ಕೊಟ್ಟರು. ನಾನಿಟ್ಟ ಬೆಂಚನ್ನು ನೋಡಿ ನಗಲಿಲ್ಲ, ಅದು ಅವರ ದೊಡ್ಡತನ.

"ಹಳ್ಳ್ಯಾಗ ಕಟ್ಟಿ ಎಲ್ಲಿರ್ತೈತ್ರಿ ಅಕ್ಕಾರ? ಹೊಸ್ತಿಲ ಹೊರಗ. ಬೂಟು ಅಲ್ಲಿ, ಬೆಂಚು ಇಲ್ಲಿ ಇಟ್ರ ಸಾಹೇಬ್ರು ನಡುವ ಒದ್ದಾಡಬೇಕಾಕ್ಕೈತಿ."

ಅವರು ಮಾಡಿದ ಹೊಸ ಬೆಂಚು ಬಾಗಿಲಿನ ಹೊರಗೆ, ಬೂಟಿನ ಸ್ಟ್ಯಾಂಡಿನ ಪಕ್ಕ ಬಂತು. ಗಟ್ಟಿ ತೇಗ, ದಿಂಬಿಲ್ಲ. ಅಪ್ಪ ಏಳುವಾಗ ಎಡಗೈ ಊರುತ್ತಾರೆಂದು ಎಡಗಡೆಗೆ ಮಾತ್ರ ಒಂದು ಹಿಡಿಕೆ. ಇದೇನು ಅರೆಬರೆ ಕೆಲಸ ಎಂದು ನಾನು ಮುಖ ಗಂಟಿಕ್ಕಿದೆ. ಎರಡೂ ಬದಿಗೆ ಹಾಕಿದರೆ ಅದು ಒಬ್ಬರ ಕುರ್ಚಿಯಾಗುತ್ತದೆ, ಈ ಬದಿ ಬಿಟ್ಟರೆ ಇನ್ನೊಬ್ಬರು ಬಂದು ಕೂರುತ್ತಾರೆ ಎಂದರು. ಮರುದಿನ ಬೆಳಿಗ್ಗೆ ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ. ಲೇಸು ಎಳೆದ ಸದ್ದು, ಹಿಡಿಕೆಯ ಮೇಲೆ ಕೈ ಬಿದ್ದ ಸದ್ದು, ಆಮೇಲೆ ಲಿಫ್ಟಿನ ಸದ್ದು. ಅಲ್ಲೇ ನಿಂತು ಅತ್ತುಬಿಟ್ಟೆ.

ತಾವು ಮಾಡಿದ ಬೆಂಚಿನ ಮೇಲೆ ಶರಣಪ್ಪನವರು ಮಾತ್ರ ಕೂರುತ್ತಿರಲಿಲ್ಲ. ಈ ಕಡೆ ಬಂದಾಗ ಗೋಡೆಗೆ ಒರಗಿ ನಿಂತೇ ಚಹಾ ಕುಡಿಯುತ್ತಿದ್ದರು. "ಮಾಡಿದಾವ ಕುಂತ್ರ ಇನ್ನೂ ಕೊಟ್ಟಂಗ ಆಗಂಗಿಲ್ರಿ. ಅದು ಸಾಹೇಬ್ರ ಜಾಗ" ಎನ್ನುತ್ತಿದ್ದರು.

ಕಡೆಯ ಸಲ ಬಂದದ್ದು ಹಿಡಿಕೆ ಸಡಿಲಾಗಿದೆಯೇ ಎಂದು ನೋಡಲು. ಸಡಿಲಾಗಿರಲಿಲ್ಲ. ಅವರ ಮೊಣಕಾಲೇ ಊದಿಕೊಂಡಿತ್ತು. ಹೊರಡುವಾಗ ಗೋಡೆ ಹಿಡಿದು ಚಪ್ಪಲಿಯ ಉಂಗುಷ್ಠವನ್ನು ಕಾಲಿನಿಂದ ತಡಕಾಡುತ್ತಿದ್ದರು. ಬೆಂಚಿನ ಮೇಲಿದ್ದ ಅಪ್ಪ ಹಿಡಿಕೆಯ ಕಡೆಗೆ ಸರಿದು ಜಾಗ ಮಾಡಿದರು.

"ಇದು ನನ್ನ ಜಾಗ ಅಂತ ನೀವ ಹೇಳೀರಿ, ಶರಣಪ್ಪ. ನನ್ನ ಜಾಗದಾಗ ಕೂಡ್ರಿ ಅಂತ ಕರ್ಯಾಕತ್ತೀನಿ."

ಅವರು ಅಂಜುತ್ತಲೇ ಅಪ್ಪನ ಬಲಕ್ಕೆ ಕುಳಿತು ಚಪ್ಪಲಿ ಮೆಟ್ಟಿದರು. ಏಳಲು ಹೋದರು, ಆಗಲಿಲ್ಲ. ಊರಲು ಆ ಬದಿಗೆ ಏನೂ ಇರಲಿಲ್ಲ. ಅಪ್ಪ ಹಿಡಿಕೆ ಊರಿ ಮೊದಲು ತಾವು ಎದ್ದರು. ಆಮೇಲೆ ಬಲಗೈ ಚಾಚಿದರು. ಯಾರ ಕೈಯನ್ನೂ ಒಲ್ಲೆನೆನ್ನುತ್ತಿದ್ದ ಮನುಷ್ಯ, ಇನ್ನೊಬ್ಬ ಮುದುಕನನ್ನು ಎಳೆದು ನಿಲ್ಲಿಸಿದರು. ಇಬ್ಬರೂ ಓಲಾಡಿದರು, ಬೀಳಲಿಲ್ಲ.

ಆ ಚಳಿಗಾಲದಲ್ಲೇ ಶರಣಪ್ಪನವರು ತೀರಿಕೊಂಡರು. ಅಂಗಡಿಯ ಶಟರು ಈಗಲೂ ಇಳಿದೇ ಇದೆ. ಮೊನ್ನೆ ಬೆಂಚಿಗೆ ಪಾಲಿಶ್ ಮಾಡಲು ಬಂದವನ ಕೈಯಲ್ಲಿ ಬಲಗಡೆಗೂ ಒಂದು ಹಿಡಿಕೆ ಹಾಕಿಸೋಣವೇ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಆ ಖಾಲಿ ಬದಿಯನ್ನು ಅಂಗೈಯಿಂದ ಒರೆಸಿದರು.

"ಬ್ಯಾಡ. ಅಲ್ಲಿ ಕುಂತವರನ್ನ ನಾನ ಎಬ್ಬಸ್ತೀನಿ."