ಕಿವಿಗೆ ಬೀಳದ ಹಕ್ಕಿ

ಫಿರಂಗಿ ಪಡೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದ ಅವರನ್ನು ಜೊತೆಗಾರರು ‘ಗಡಿಯಾರ’ ಎನ್ನುತ್ತಿದ್ದರು. ಹೊತ್ತು ತಪ್ಪಿಸಿದವರೇ ಅಲ್ಲ. ಮದುವೆಯ ಮಾತು ವರ್ಗಾವಣೆಗಳ ನಡುವೆ ಮುಂದೆ ಮುಂದೆ ಹೋಗಿ, ಕೊನೆಗೆ ಕೇಳುವವರೂ ಕೇಳುವುದನ್ನು ಬಿಟ್ಟರು. ನಿವೃತ್ತಿಯಾದ ಮೇಲೆ ಬಸ್ ಡಿಪೊ ಹಿಂದೆ ಒಂದು ಕೋಣೆ ಹಿಡಿದರು. ಬೆಳಗಾದರೆ ಚಾದರವನ್ನು ಸುಕ್ಕಿಲ್ಲದಂತೆ ಎಳೆದು, ತಪಾಸಣೆಗೆ ಯಾರೂ ಬರುವುದಿಲ್ಲವೆಂದು ನೆನಪಾಗಿ, ಹಾಸಿಗೆಯ ಅಂಚಿನಲ್ಲಿ ಸುಮ್ಮನೆ ಕೂರುತ್ತಿದ್ದರು.

ಗಂಟೆಗಟ್ಟಲೆ ಅಲುಗಾಡದೆ ದುರ್ಬೀನು ಹಿಡಿಯುವುದು ಅವರಿಗೆ ಗೊತ್ತಿದ್ದ ವಿದ್ಯೆ. ಹಕ್ಕಿಗಳ ಪುಸ್ತಕ ತಂದು ಬಾಯಿಪಾಠ ಮಾಡಿದರು. ಕೂಗುಗಳ ಧ್ವನಿಮುದ್ರಣದಲ್ಲಿ ಒಂದೆರಡು ಕೇಳಿಸದಿದ್ದಾಗ ಫೋನು ಕೆಟ್ಟಿದೆ ಅಂದುಕೊಂಡರು. ರಸ್ತೆಯೋ ಕಾರ್ಖಾನೆಯೋ ಬರುವ ಜಾಗದಲ್ಲಿ ಮೊದಲೇ ಪ್ರಾಣಿಪಕ್ಷಿ ಎಣಿಸಿಕೊಡುವ ಕೆಲಸ ಸಿಕ್ಕಿತು. ಸಮೀಕ್ಷೆ ಕಚೇರಿಯ ಅಧಿಕಾರಿಣಿ ಕರೆದಾಗ ಕೆಲಸ, ಇಲ್ಲದಿದ್ದರೆ ಇಲ್ಲ. ಅವರ ವರದಿಗಳಲ್ಲಿ ಒಂದು ಚಿತ್ತುಕಾಟೂ ಇರುತ್ತಿರಲಿಲ್ಲ.

ಮೂರನೆಯ ವರ್ಷ, ತನ್ನ ಹೊಲಿಗೆ ಅಂಗಡಿಯನ್ನು ಸುಣ್ಣ ಬಳಿಯಲು ಮುಚ್ಚಿದ್ದ ವಾರ, ಅವರ ತಂಗಿ ಬಂದಳು. ಕೋಣೆಯಲ್ಲಿ ಒಬ್ಬಳೇ ಕೂರಲಾರದೆ ಬೆಳಿಗ್ಗೆ ಅಣ್ಣನ ಜೊತೆ ಜೌಗಿಗೂ ಹೊರಟಳು. ಜೊಂಡಿನೊಳಗೆ ಅಡಗಿರುವ, ದನಿಯಿಂದಷ್ಟೇ ಗುರುತು ಸಿಗುವ ಒಂದು ಪುಟ್ಟ ಹಕ್ಕಿಯನ್ನು ಅಲ್ಲಿ ಹುಡುಕಬೇಕಿತ್ತು. ಮೂರು ದಿನದಿಂದ ಅವರು ಬರೆದದ್ದು ಸೊನ್ನೆ.

“ಅಣ್ಣಾ, ಇದೇನು ಒಂದೇ ಸಮ ಕಿರ್ ಅಂತಿದೆ? ಎಣ್ಣೆ ಕಾಣದ ಮಿಷನ್ ಥರ.”

ಎಲ್ಲಿ ಎಂದು ಕೇಳಿದರು. ಅವಳು ಇಲ್ಲಿ, ಅಲ್ಲಿ, ಅದರಾಚೆ ಎಂದು ಆರು ಕಡೆ ಬೆರಳು ತೋರಿಸಿದಳು. ತಮಾಷೆ ಇರಬೇಕೆಂದು ಅವಳ ಮುಖ ನೋಡಿದರು. ತಮಾಷೆಯಾಗಿರಲಿಲ್ಲ. ಅವರಿಗೆ ಕೇಳಿಸಿದ್ದು ಗಾಳಿ ಮಾತ್ರ.

ಫಿರಂಗಿ ಸದ್ದು ಸಣ್ಣ ಸ್ವರಗಳನ್ನೆಲ್ಲ ಎಂದೋ ತಿಂದುಹಾಕಿದೆ, ಮಾತು ಕೇಳಿಸುತ್ತಿದ್ದುದರಿಂದ ನಿಮಗೆ ತಿಳಿದಿಲ್ಲ ಎಂದು ಕಿವಿಯ ವೈದ್ಯರು ಹೇಳಿದರು.

ವಾರವಿಡೀ ಕುಳಿತು ಹಳೆಯ ವರದಿಗಳನ್ನು ತಿರುವಿದರು. ಹನ್ನೊಂದು ಜಾಗಗಳಲ್ಲಿ ತಾವು ಬರೆದ ಸೊನ್ನೆಗಳನ್ನು ನಂಬಬೇಡಿ ಎಂದು ಅಧಿಕಾರಿಣಿಗೆ ಪತ್ರ ಬರೆದರು. ಆಕೆ ಫೋನು ಮಾಡಿದಳು. ಒಂಬತ್ತು ಜಾಗಗಳಲ್ಲಿ ಮತ್ತೆ ಎಣಿಕೆ ಮಾಡಿಸುತ್ತೇನೆ ಎಂದಳು.

“ಉಳಿದೆರಡು?”

“ಅಲ್ಲಿ ರಸ್ತೆ ಆಗೋಗಿದೆ, ಸರ್.”

ಹಕ್ಕಿ ಕೆಲಸ ಅಲ್ಲಿಗೆ ನಿಂತಿತು. ಎಂಟು ತಿಂಗಳು ಯಾರೂ ಕರೆಯಲಿಲ್ಲ. ಒಮ್ಮೆ ಆ ರಸ್ತೆಯವರೆಗೆ ಬಸ್ಸಿನಲ್ಲಿ ಹೋಗಿ, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸಾದರು.

ಕೊನೆಗೆ ಅದೇ ಅಧಿಕಾರಿಣಿ ನೀರುನಾಯಿಗಳ ಸಮೀಕ್ಷೆಗೆ ಕರೆದಳು. ಹೊಳೆಯ ಕೆಸರಿನಲ್ಲಿ ಹೆಜ್ಜೆ ಹುಡುಕಿ ಅಳೆಯುವ ಕೆಲಸ, ಅದಕ್ಕೆ ಕಣ್ಣು ಸಾಕು. ಈಗ ತಿಂಗಳಲ್ಲಿ ಇಪ್ಪತ್ತು ದಿನ ದಡದಲ್ಲೇ ಇರುತ್ತಾರೆ. ಸಂಜೆ ತಂಗಿಗೆ ಫೋನು ಮಾಡಿ ಎಷ್ಟು ಹೆಜ್ಜೆ ಸಿಕ್ಕವೆಂದು ಹೇಳುತ್ತಾರೆ. ಇವತ್ತು ಯಾರ ಹತ್ತಿರವಾದರೂ ಮಾತಾಡಿದೆಯಾ ಎಂದು ಅವಳು ಮೊನ್ನೆ ಕೇಳಿದಳು.

“ನಿನ್ನ ಹತ್ರ ಆಡ್ತಿದೀನಲ್ಲ” ಎಂದರು.