ಎಡಪುಟ, ಬಲಪುಟ: ತುಕ್ಕಾನಟ್ಟಿ ಗುರುಗಳ ಜೋಡಿ ವರ್ಗ

ಅರ್ಧ ನೆಲ ಸಾರಿಸಿದ್ದೆ, ಇನ್ನರ್ಧ ಉಳಿದಿತ್ತು. ಸಗಣಿಯ ಬುಟ್ಟಿಯನ್ನು ಕಿಟಕಿಯ ಕಡೆಗೆ ಜರುಗಿಸಿ ಮತ್ತೆ ಮೊಣಕಾಲೂರುವಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತಂತಾಯಿತು. ತಲೆಯೆತ್ತಿ ನೋಡಿದರೆ ಖಾದಿ ಅಂಗಿ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕಳಚಿದ ಚಪ್ಪಲಿ. ಹೊಸ ಮಾಸ್ತರರೆಂದು ಕಂಡ ಕೂಡಲೇ ತಿಳಿಯಿತು. ಗಡಬಡಿಸಿ ಎದ್ದು, ಬರ್ರಿ ಒಳಗ ಎಂದೆ.

“ಒಣಗಲಿ, ತಡೀರಿ. ಸಾರಿಸಿದ ನೆಲಾ ತುಳದ್ರ ನಮ್ಮವ್ವ ಅವತ್ತ ರೊಟ್ಟಿ ಕೊಡತಿದ್ದಿಲ್ಲ” ಎಂದವರೇ ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಅದು ಸಾವಿರದ ಒಂಬೈನೂರ ನಲವತ್ತೇಳನೆಯ ಇಸವಿಯ ಜೂನ್ ತಿಂಗಳು. ಹುಕ್ಕೇರಿಯ ನಮ್ಮ ಹೈಸ್ಕೂಲು ಆಗ ಹಳೆಯ ವಾಡೆಯೊಂದರ ನಾಲ್ಕು ಕೋಣೆಗಳಲ್ಲಿ ನಡೆಯುತ್ತಿತ್ತು. ಕಸ ಗುಡಿಸುವುದು, ನೀರು ತುಂಬುವುದು, ಗಂಟೆ ಬಾರಿಸುವುದು, ಟಪಾಲು ಮುಟ್ಟಿಸುವುದು ನನ್ನ ಕೆಲಸ. ಕಟ್ಟೆಯ ಮೇಲೆ ನೆಲ ಒಣಗುವುದನ್ನು ಕಾಯುತ್ತ ಕುಳಿತಿದ್ದ ಆ ಮಾಸ್ತರರೇ, ಇಂದು ಗೋಕಾಕದ ಹೈಸ್ಕೂಲಿನ ಮುಖ್ಯಾಧ್ಯಾಪಕರಾಗಿ ನಿವೃತ್ತರಾಗುತ್ತಿರುವ ಪೂಜ್ಯ ಶ್ರೀ ಉದ್ದಪ್ಪ ಮಾಯಪ್ಪ ತುಕ್ಕಾನಟ್ಟಿ ಗುರುಗಳು.

ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆಗಿರುವ ಮಕ್ಕಳಿಗೆ ಎರಡನ್ನೂ ಕೂಡಿಸಿ ಪ್ರೌಢಶಿಕ್ಷಣ ಕೊಡುವ ಕಾರ್ಯದಲ್ಲಿ, ಹುಕ್ಕೇರಿ, ಮೂಡಲಗಿ, ಗೋಕಾಕ ಈ ಮೂರು ಊರುಗಳ ಮಟ್ಟಿಗೆ ಅವರೇ ಮೊದಲಿಗರು. ಅವರ ಪಾಂಡಿತ್ಯದ ಬಗೆಗೆ ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ನಲವತ್ನಾಲ್ಕನೆಯ ವಯಸ್ಸಿನಲ್ಲಿ ಅವರ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ವಯಸ್ಸಿನಲ್ಲಿ ಅವರಿಗಿಂತ ಐದು ವರ್ಷ ಹಿರಿಯಳು, ವಿದ್ಯೆಯಲ್ಲಿ ಅವರ ಶಿಷ್ಯೆ. ಸಮಿತಿಯ ಹನಮಂತರಾಯರು ಬಂದು ಲೇಖನ ಕೇಳಿದಾಗ ಒಲ್ಲೆನೆಂದೆ. “ನೀವು ಕಂಡದ್ದು ಮಂದಿ ಕಂಡಿಲ್ರಿ ಆಯಿ” ಎಂದರು. ಅದು ಖರೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಗುರುಗಳದು ತುಕ್ಕಾನಟ್ಟಿಯ ಕುರುಬ ಮನೆತನ. ಹಿಂಡಿನ ಹಿಂದೆ ವರ್ಷಕ್ಕೆ ನಾಲ್ಕು ತಿಂಗಳು ಕೊಲ್ಹಾಪುರದ ಸೀಮೆಯವರೆಗೆ ನಡೆದು, ಅಲ್ಲಿಯ ಹೊಲಗಳಲ್ಲಿ ಕುರಿ ನಿಲ್ಲಿಸಿ, ಮರಾಠಿಯನ್ನು ಕಾಲಿನಿಂದ ಕಲಿತವರು ಅವರು. ನಮ್ಮ ಶಾಲೆ ಕನ್ನಡದ್ದು. ಸಂಕೇಶ್ವರದ ಕಡೆಯಿಂದ ಬರುವ ಮರಾಠಿ ಮನೆಗಳ ಮಕ್ಕಳು ಎಂಟನೆಯ ಇಯತ್ತೆಗೆ ಇಪ್ಪತ್ತು ಸೇರಿದರೆ ಹತ್ತನೆಯದಕ್ಕೆ ಇಬ್ಬರು ಉಳಿಯುತ್ತಿದ್ದರು. ಬುದ್ಧಿ ಇಲ್ಲದೆ ಬಿಟ್ಟವರಲ್ಲ, ಮಾತು ತಿಳಿಯದೆ ಬಿಟ್ಟವರು. ಖಾಲಿಯಾದ ಬೆಂಚುಗಳನ್ನು ಒರೆಸುತ್ತಿದ್ದವಳು ನಾನಾದ್ದರಿಂದ ಆ ಲೆಕ್ಕ ನನಗೆ ಗೊತ್ತು.

ಐವತ್ತೊಂದನೆಯ ಇಸವಿಯಲ್ಲಿ ಗುರುಗಳು ಜೋಡಿ ವರ್ಗ ತೆರೆದರು. ಹೊಸ ಕುರಿ ಹಿಂಡಿಗೆ ಬಂದರೆ ಕುರುಬರು ಅದನ್ನು ಹಳೆಯ ಕುರಿಯೊಂದರ ಜೊತೆ ಒಂದೇ ಹಗ್ಗದಲ್ಲಿ ಕೆಲವು ದಿನ ಕಟ್ಟುತ್ತಾರೆ. ಆಮೇಲೆ ಹಗ್ಗ ಬಿಚ್ಚಿದರೂ ಎರಡೂ ಕೂಡಿಯೇ ಮೇಯುತ್ತವೆ. ಹಾಗೆಯೇ ಒಂದು ಮರಾಠಿ ಮಗುವನ್ನು ಒಂದು ಕನ್ನಡ ಮಗುವಿನ ಪಕ್ಕಕ್ಕೆ ಕೂಡಿಸಿದರು. ಜಾತಿ ಕೇಳಲಿಲ್ಲ. ಗಣಿತ, ವಿಜ್ಞಾನ ಕನ್ನಡದಲ್ಲಿ. ಇತಿಹಾಸ ಮಾತ್ರ ಎರಡೂ ಮಾತಿನಲ್ಲಿ, ಒಂದೇ ವಹಿಯಲ್ಲಿ: ಬಲಪುಟದಲ್ಲಿ ಮನೆಯ ಮಾತು, ಹಾಳೆ ತಿರುವಿದರೆ ಎಡಪುಟದಲ್ಲಿ ಜೋಡಿಯ ಮಾತು. ಬರೆದದ್ದನ್ನೇ ಇನ್ನೊಂದು ಭಾಷೆಯಲ್ಲಿ ಮತ್ತೆ ಬರೆಯುವಂತಿಲ್ಲ. ಬಲಪುಟದ ಕೊನೆಯಲ್ಲಿ ಅರ್ಧಕ್ಕೆ ನಿಂತ ವಾಕ್ಯ ಎಡಪುಟದಲ್ಲಿ ಇನ್ನೊಂದು ಭಾಷೆಯಲ್ಲಿ ಮುಂದುವರಿಯಬೇಕು. ಮೊದಲ ವರ್ಷ ಮಕ್ಕಳು ಅತ್ತರು. ಮೂರನೆಯ ವರ್ಷಕ್ಕೆ ಹಾಳೆ ತಿರುವಿದ್ದೇ ಅವರಿಗೆ ತಿಳಿಯದಂತಾಯಿತು.

ಅಂಥ ವರ್ಗ ಎಲ್ಲೂ ಇಲ್ಲವೆಂದು ಆಡಳಿತ ಮಂಡಳಿಯ ಕೆಲವರು ಆಡಿಕೊಳ್ಳುತ್ತಿದ್ದರು. ಒಂದು ಸಂಜೆ ರಾತ್ರಿ ಶಾಲೆಯಲ್ಲಿ ಗುರುಗಳು ವೃತ್ತಪತ್ರಿಕೆಯ ತುಣುಕೊಂದನ್ನು ನಮಗೆ ಓದಿ ಹೇಳಿದರು. ಫ್ರಾನ್ಸ್ ದೇಶದಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳು ಫ್ರೆಂಚ್ ಹೈಸ್ಕೂಲಿನಲ್ಲೇ ಕಲಿಯುತ್ತಾರಂತೆ. ಅವರಿಗೆ ಸಾಹಿತ್ಯ, ಇತಿಹಾಸ ಇಂಗ್ಲಿಷಿನಲ್ಲಿ, ಉಳಿದದ್ದು ಫ್ರೆಂಚಿನಲ್ಲಿ, ಕೊನೆಗೆ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ ಸರಕಾರದ್ದು. ಗುರುಗಳ ಕಣ್ಣಲ್ಲಿ ನೀರು ಬಂದಿತ್ತು. “ನೋಡ್ರಿ, ನಾವು ಒಬ್ಬರೇ ಹುಚ್ಚರಲ್ಲ” ಎಂದರು.

ನನ್ನಂತೆಯೇ ಅಕ್ಷರ ಕಲಿಯಲು ಬರುತ್ತಿದ್ದ ಗಾಣದ ಶಿದ್ರಾಮ ಹಿಂದಿನ ಸಾಲಿನಿಂದ ಕೇಳಿದ: “ಖರೆ ಐತ್ರಿ ಮಾಸ್ತರ. ಆದ್ರ ಆ ಸಾಲಿ ಕಸಾ ಯಾರ ಹೊಡಿತಾರಂತ್ರಿ? ನಮ್ಮ ಸಾತವ್ವನ್ನ ಕಳಸೂನೇನು?”

“ಕಳಸಪಾ, ನಿನಗ ಅ ಆ, ಬಾರಾಖಡಿ ಬರೂದ್ರಾಗ ಹೋಗಿ ಬರತೇನಿ” ಎಂದೆ. ಗುರುಗಳೂ ನಕ್ಕರು.

ಆ ರಾತ್ರಿ ಶಾಲೆಯಲ್ಲಿ ನನಗೆ ದೊರೆತ ಒಂದು ಮರ್ಯಾದೆಯನ್ನು ಹೇಳಲೇಬೇಕು. ಹಗಲೆಲ್ಲ ಗಂಟೆ ಬಾರಿಸುವವಳು ನಾನು. ಸಂಜೆ ಏಳಕ್ಕೂ ಹಗ್ಗಕ್ಕೆ ಕೈ ಹಾಕಿದರೆ ಗುರುಗಳು ಬಿಡುತ್ತಿರಲಿಲ್ಲ. “ಈಗ ನೀವು ವಿದ್ಯಾರ್ಥಿ. ಗಂಟಿ ನಂದು” ಎಂದು ತಾವೇ ಬಾರಿಸುತ್ತಿದ್ದರು. ಕಸ, ಬುಟ್ಟಿ, ಗಂಟೆ, ಟಪಾಲು ಎಂದು ನನ್ನ ಕೆಲಸದ ಮಾತುಗಳಿಂದಲೇ ನನಗೆ ಅಕ್ಷರ ತಿದ್ದಿಸಿದರು. ಮಳೆಗಾಲದಲ್ಲಿ ಹಿರಣ್ಯಕೇಶಿ ತುಂಬಿ ಸಂಕೇಶ್ವರದ ಮಕ್ಕಳಿಗೆ ಹಾದಿ ಕಟ್ಟಾದರೆ, ಗುರುಗಳ ಧರ್ಮಪತ್ನಿ ಕಾಡವ್ವನವರು ಏಳೆಂಟು ಮಕ್ಕಳಿಗೆ ವಾರಗಟ್ಟಲೆ ರೊಟ್ಟಿ ಬಡಿದು ಹಾಕುತ್ತಿದ್ದರು. ಇವೆಲ್ಲ ಯಾವ ವರದಿಯಲ್ಲೂ ಇಲ್ಲ.

ಇನ್ನು ಐವತ್ತೊಂಬತ್ತನೆಯ ಇಸವಿಗೆ ಬರುತ್ತೇನೆ. ಸಂಕೇಶ್ವರದಲ್ಲಿ ಬೆಲ್ಲದ ಗಾಡಿ ಹೊಡೆಯುತ್ತಿದ್ದ ಕೇದಾರಿ ಎಂಬವನ ಮಗಳು ಹೌಸಾ, ಜೋಡಿ ವರ್ಗದಿಂದ ಮ್ಯಾಟ್ರಿಕ್ ಪರೀಕ್ಷೆಗೆ ಕುಳಿತ ಮೊದಲನೆಯ ಹುಡುಗಿ. ಅವಳ ಜೋಡಿಯಾಗಿದ್ದ ಲಕ್ಕವ್ವ ಹತ್ತನೆಯದರಲ್ಲೇ ಮದುವೆಯಾಗಿ ಹೋಗಿದ್ದಳು. ಹೌಸಾಳಿಗೂ ಸೋದರಮಾವನ ಮನೆಯಿಂದ ಕೇಳಿಕೆ ಬಂದಿತ್ತು. “ಪಾಸಾದ್ರ ಮಾಸ್ತರಕಿ ಟ್ರೇನಿಂಗಿಗೆ ಕಳಸತೇನಿ, ಇಲ್ಲಂದ್ರ ಮಾವನ ಮನಿ” ಎಂದು ಕೇದಾರಿ ಎಲ್ಲರೆದುರು ಹೇಳಿದ್ದ. ಟ್ರೇನಿಂಗ್ ಕಾಲೇಜಿಗೆ ಸೇರಲು ಜುಲೈ ಕೊನೆಯೇ ಗಡುವು.

ಪರೀಕ್ಷೆಯ ಇತಿಹಾಸದ ಉತ್ತರವನ್ನು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಬರೆಯಬಹುದಿತ್ತು, ಆದರೆ ಒಂದರಲ್ಲೇ ಬರೆಯಬೇಕಿತ್ತು. ಪ್ರತಿವರ್ಷ ಕೊನೆಯ ಪಾಠದ ದಿನ ಗುರುಗಳು ಮಕ್ಕಳನ್ನು ಕೂಡಿಸಿ, “ಇನ್ನ ಹಗ್ಗಾ ಬಿಚ್ಚೇನಿ, ಪರೀಕ್ಷಾದಾಗ ಒಂದ ಮಾತು” ಎಂದು ತಾಕೀತು ಮಾಡುತ್ತಿದ್ದರು. ಆ ವರ್ಷ ಅದೇ ದಿನ ಅವರನ್ನು ಗೋಕಾಕದ ಸಭೆಯೊಂದಕ್ಕೆ ಕರೆಸಿಕೊಂಡರು. ಗಂಡುಹುಡುಗರಿಗೆ ಹಿಂದಿನ ವರ್ಷ ಪಾಸಾದವರು ಹೇಳಿದ್ದರು. ಹೌಸಾಳಿಗೆ ಹೇಳಲು ಯಾವ ಅಕ್ಕ ಇದ್ದಳು? ನಾಲ್ಕು ವರ್ಷದ ರೂಢಿಯಂತೆ ಅವಳು ಬಲಪುಟದಲ್ಲಿ ಮರಾಠಿ, ಎಡಪುಟದಲ್ಲಿ ಕನ್ನಡ ಬರೆದು, ಚೆನ್ನಾಗಿ ಬರೆದೆನೆಂದು ನಗುನಗುತ್ತ ಹೊರಗೆ ಬಂದಳು.

ಜೂನ್ ಕೊನೆಯಲ್ಲಿ ಫಲಿತಾಂಶ ಬಂತು. ಎಲ್ಲರ ಹೆಸರಿತ್ತು, ಅವಳದಿರಲಿಲ್ಲ. ಅವಳ ಇತಿಹಾಸದ ಉತ್ತರವನ್ನು ಇಬ್ಬರು ಬರೆದಿರುವಂತೆ ಕಾಣುತ್ತದೆ, ನಕಲಿನ ಸಂಶಯವಿದೆ, ಶಾಲೆ ವಿವರಣೆ ಕೊಡಬೇಕು ಎಂದು ಪರೀಕ್ಷಾ ಕಚೇರಿಯವರು ಬರೆದಿದ್ದರು.

ಗುರುಗಳು ಅದೇ ದಿನ ಉತ್ತರ ಬರೆದರು. ಲಕೋಟೆಗೆ ಅಂಟು ಹಚ್ಚುವುದು ನನ್ನ ಕೆಲಸ. ಪತ್ರಗಳು ನನ್ನ ಕೈಗೆ ತೆರೆದೇ ಬರುತ್ತಿದ್ದವು. ಮೊದಲೆಲ್ಲ ಅವು ನನಗೆ ಬರೀ ಕಾಗದ. ಅಕ್ಷರ ಬಂದ ಕಣ್ಣು ಸುಮ್ಮನಿರುವುದಿಲ್ಲ, ಓದಿದೆ. “ಎರಡು ಪುಟದ ಪದ್ಧತಿ ನನ್ನದು, ಅದಕ್ಕೆ ನಾನು ಯಾರ ಮಂಜೂರಾತಿಯನ್ನೂ ಪಡೆದಿರಲಿಲ್ಲ, ಎಚ್ಚರಿಸಬೇಕಾದ ದಿನ ಎಚ್ಚರಿಸದ ತಪ್ಪೂ ನನ್ನದು, ಹುಡುಗಿ ನಿರ್ದೋಷಿ. ಯಾರಿಗಾದರೂ ಶಿಕ್ಷೆ ಆಗಲೇಬೇಕೆಂದರೆ ಈ ಪತ್ರವನ್ನೇ ನನ್ನ ನೌಕರಿಯ ತ್ಯಾಗಪತ್ರವೆಂದು ತಿಳಿಯಬೇಕು” ಎಂದು ಗುರುಗಳು ಬರೆದಿದ್ದರು.

ನಾನು ಅಂಟು ಹಚ್ಚಲಿಲ್ಲ. ಲಕೋಟೆಯನ್ನು ನಕಾಶೆಗಳ ಕಪಾಟಿನಲ್ಲಿ, ಸುರುಳಿ ಸುತ್ತಿದ ನಕಾಶೆಗಳ ಹಿಂದೆ ಇಟ್ಟೆ. ಈ ಮನುಷ್ಯ ಹೋದರೆ ವರ್ಗವೂ ಹೋಯಿತು, ಮುಂದೆ ಬರುವ ನೂರು ಮಕ್ಕಳು ಹೋದರು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ನನ್ನ ರಾತ್ರಿ ಶಾಲೆಯೂ ಹೋಗುತ್ತಿತ್ತು, ಅದನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಪತ್ರ ಹೋಯಿತೇ ಎಂದು ಗುರುಗಳು ಕೇಳಲೂ ಇಲ್ಲ. ನನ್ನ ಮೇಲೆ ಅಷ್ಟು ಭರವಸೆ.

ಹನ್ನೊಂದು ದಿನ ಕಳೆದವು. ಹೌಸಾ ಮೂರು ಸಲ ನಡೆದು ಬಂದಳು. “ಆಯಿ, ಉತ್ತರಾ ಬಂತೇನ್ರಿ?” ಎಂದು ಕೇಳುವಳು, ಇಲ್ಲವೆಂದರೆ ನನ್ನ ಕೈಯಿಂದ ಕಸಬರಿಗೆ ಇಸಿದುಕೊಂಡು ಅಂಗಳ ಗುಡಿಸಿ ಹೋಗುವಳು. ಹನ್ನೊಂದನೆಯ ದಿನ ಕೇದಾರಿಯೇ ಬಂದ. “ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಮಾಸ್ತರ. ಮಗಳಿಗೆ ಎರಡ ಬಾಯಿ ಕೊಟ್ರಿ, ಉಪಕಾರ ಆತು. ಆದ್ರ ಕಳ್ಳಿ ಅನಿಸಿಕೊಂಡ ಹುಡುಗಿನ್ನ ಎಷ್ಟ ದಿನಾ ಇಟ್ಕೊಳ್ಳಲಿ? ಬರೂ ಸೋಮವಾರ ಮಾವಗ ಹೂಂ ಅಂತೇನಿ” ಎಂದು ತಲೆಯ ಪಟಕಾ ಸರಿಮಾಡಿಕೊಂಡು ಹೊರಟುಹೋದ. ಹುಡುಗಿಗೆ ‘ಕಳ್ಳಿ’ ಎಂಬ ಹೆಸರು ಬಂದದ್ದು ನನಗೆ ಅಂದೇ ಗೊತ್ತಾದದ್ದು. ಆ ಹೆಸರು ನನಗೆ ಸಲ್ಲಬೇಕಾಗಿತ್ತು.

ಮಧ್ಯಾಹ್ನದ ಸುಟ್ಟಿಯಲ್ಲಿ ಗುರುಗಳು ವಹಿ ತಿದ್ದುತ್ತ ಕುಳಿತಿದ್ದಾಗ ಲಕೋಟೆಯನ್ನು ತಂದು ಮುಂದಿಟ್ಟೆ.

“ಇದು ಹೋಗಿಲ್ರಿ.”

“ಯಾಕ? ತಿಕೀಟ ಇರಲಿಲ್ಲೇನು?”

“ನಾ ಓದಿನ್ರಿ.”

ಅವರು ಲೇಖನಿ ಕೆಳಗಿಟ್ಟರು. “ಎಲ್ಲಾ ಓದಿದ್ರಿ? ನಿರ್ದೋಷಿ, ಮಂಜೂರಾತಿ, ತ್ಯಾಗಪತ್ರ... ಎಲ್ಲಾ?”

“ತ್ಯಾಗಪತ್ರ ಅಂತ ಓದೇ ಮುಚ್ಚಿಟ್ಟೇನ್ರಿ.”

ದೇವರಾಣೆ, ಅವರ ಮುಖದ ಮೇಲೆ ಮೊದಲು ಬಂದದ್ದು ಸಂತೋಷ. ಅಂಥ ಒತ್ತಿನ ಕೂಡಕ್ಷರಗಳು ನನ್ನನ್ನು ಬಹಳ ದಿನ ಕಾಡಿದ್ದವು. ಆಮೇಲೆ ಆ ಸಂತೋಷ ಇಳಿಯಿತು. “ಸಾತವ್ವಾರ, ಪತ್ರಾ ತಡದು ಇಟ್ಕೊಳ್ರಿ ಅಂತ ನಿಮಗ ಅಕ್ಷರಾ ಕಲಿಸಲಿಲ್ಲ ನಾನು” ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಒಂದು ಸಾಲನ್ನು ಹೊಡೆದುಹಾಕಿರೆಂದು ಕಾಲು ಹಿಡಿಯಲು ಹೋದೆ. “ನೌಕರಿ ಹೋದ್ರ ನನಗ ತುಕ್ಕಾನಟ್ಟ್ಯಾಗ ಕುರಿ ಅದಾವು. ಆ ಹುಡುಗಿಗೆ ಏನೈತಿ ಹೇಳ್ರಿ?” ಎಂದರು. ನಾನು ಎದ್ದು ನಿಂತೆ.

ಪತ್ರದ ತಾರೀಖು ಹಳೆಯದಾಗಿತ್ತು. ತಾರೀಖು ತಿದ್ದೋಣವೆಂದೆ. ಒಪ್ಪಲಿಲ್ಲ. ಲೇಖನಿಯನ್ನು ನನ್ನ ಕೈಗೆ ಕೊಟ್ಟು, “ಖರೆ ಏನೈತಿ ಅದನ್ನ ಕೆಳಗ ಬರೀರಿ” ಎಂದರು. ಅಲ್ಲಿಯವರೆಗೆ ಸರಕಾರದ ಕಾಗದದ ಮೇಲೆ ನಾನು ಒತ್ತಿದ್ದು ಹೆಬ್ಬೆಟ್ಟು ಮಾತ್ರ. ಕೈಯನ್ನು ಸೆರಗಿಗೆ ಒರೆಸಿಕೊಂಡು ಬರೆದೆ: “ಈ ಪತ್ರವನ್ನು ಹನ್ನೊಂದು ದಿನ ಬಚ್ಚಿಟ್ಟವಳು ನಾನು. ಗುರುಗಳಿಗೆ ಗೊತ್ತಿರಲಿಲ್ಲ. ಸಾತವ್ವ, ಶಾಲೆಯ ಆಳು.” ಅವರು ಒಂದಕ್ಷರವನ್ನೂ ತಿದ್ದಲಿಲ್ಲ.

ಮುಂದಿನದು ಹಲವರಿಗೆ ತಿಳಿದದ್ದೇ. ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಹೌಸಾಳನ್ನು ತಮ್ಮೆದುರು ಕೂಡಿಸಿ ಎರಡೂ ಪುಟ ಬರೆಯಿಸಿ ನೋಡಿದರು. ಗಡುವಿಗೆ ಮೂರು ದಿನ ಇರುವಾಗ ಅವಳು ಪಾಸೆಂದು ಕಾಗದ ಬಂತು. ಇಂದು ಅವಳು ಸಂಕೇಶ್ವರದಲ್ಲಿ ಶಿಕ್ಷಕಿ. ನನಗೆ ಯಾರೂ ಏನೂ ಅನ್ನಲಿಲ್ಲ. ಗುರುಗಳ ತ್ಯಾಗಪತ್ರ ಸ್ವೀಕಾರವಾಗಲಿಲ್ಲ; ಆದರೆ ಆ ವರ್ಷ ಅವರಿಗೆ ಬರಬೇಕಾಗಿದ್ದ ಮುಖ್ಯಾಧ್ಯಾಪಕ ಪದವಿ ಬೇರೆಯವರಿಗೆ ಹೋಯಿತು, ಆಡಳಿತ ಮಂಡಳಿ ಅವರನ್ನು ಮೂಡಲಗಿಯ ತಗಡಿನ ಛಾವಣಿಯ ಹೊಸ ಶಾಲೆಗೆ ಕಳಿಸಿತು. ಅಲ್ಲಿ ಐದು ವರ್ಷ ಸಹಾಯಕ ಶಿಕ್ಷಕರಾಗಿಯೇ ದುಡಿದು, ಮತ್ತೊಂದು ಜೋಡಿ ವರ್ಗ ಕಟ್ಟಿದರು. ಅರವತ್ನಾಲ್ಕನೆಯ ಇಸವಿಯಲ್ಲಿ ಗೋಕಾಕಕ್ಕೆ ಬಂದಾಗ ಸಿಕ್ಕ ಪದವಿ ಅವರಿಗೆ ಐದು ವರ್ಷ ತಡವಾಗಿ ಸಿಕ್ಕದ್ದು. ಅದರಲ್ಲಿ ಆ ಹನ್ನೊಂದು ದಿನಗಳ ಪಾಲೆಷ್ಟೆಂದು ನಾನು ಒಮ್ಮೆ ಕೇಳಿದೆ. “ಮೂಡಲಗಿ ಹುಡುಗರು ಚಲೋ ಅದಾರ್ರಿ” ಎಂದು ಮಾತು ಮರೆಸಿದರು.

ಹಿಂಡಿನ ಹಾದಿಯಲ್ಲಿ ಕೇಳಿದ ಕನ್ನಡ ಮರಾಠಿ ಮಾತುಗಳನ್ನು ಕೂಡಿಸಿ ಶಬ್ದಕೋಶವೊಂದನ್ನು ಗುರುಗಳು ಬರೆಯುತ್ತಿದ್ದಾರೆ. ‘ಹ’ಕಾರದವರೆಗೆ ಅದು ಮುಗಿಯುವಷ್ಟು ಕಾಲ, ಮುಗಿದ ಮೇಲೆ ಇನ್ನೊಂದನ್ನು ಹಿಡಿಯುವಷ್ಟು ಕಾಲ ಅವರ ಕಣ್ಣು ಕೈಗಳಿಗೆ ಶಕ್ತಿಯಿರಲಿ, ಕಾಡವ್ವನವರ ಒಲೆ ತಣ್ಣಗಾಗದಿರಲಿ. ನನಗೆ ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡಲು ನನ್ನಲ್ಲಿ ಈ ಬರವಣಿಗೆಯ ಹೊರತು ಏನೂ ಇಲ್ಲ.

ಪತ್ರ ಕಳಿಸಿದ ಬೆಳಗಿನ ಮಾತು ಉಳಿಯಿತು. ಟಪಾಲು ಕಚೇರಿ ತೆರೆಯುವುದು ಹತ್ತಕ್ಕೆ. ನಾನು ಒಂಬತ್ತಕ್ಕೇ ಹೋಗಿ ನಿಂತಿದ್ದೆ. ಗುರುಗಳೂ ಬಂದರು. ನನ್ನನ್ನು ನಂಬದೆ ಬಂದರೆಂದುಕೊಂಡು ತಲೆ ತಗ್ಗಿಸಿದೆ. “ಒಬ್ಬಾಕಿನ ಕಳಿಸಿದ್ರ ಹಾದಿ ಉದ್ದ ಆಗತೈತಿ ಅಂತ ಬಂದೆ” ಎಂದರು. ರಜಿಸ್ಟರ್ ಪಾವತಿ ಬರೆಯುತ್ತಿದ್ದ ಗುಮಾಸ್ತ ತಲೆಯೆತ್ತಿ, ಕಳಸಾವರ ಹೆಸರೇನ್ರಿ ಎಂದು ಕೇಳಿದ.

“ಸಾತವ್ವ ಅಂತ ಬರ್ಕೋರಿ” ಎಂದರು ಗುರುಗಳು. “ಬರದಾವ ನಾನು ಖರೆ. ಕಳಸಾಕ ಕಷ್ಟಾ ಬಿದ್ದಾಕಿ ಈಕಿ.”

ಗುಮಾಸ್ತ ಬರೆದುಕೊಂಡ, ಲಕೋಟೆಯ ಮೇಲೆ ಎರಡು ಸಲ ಮುದ್ರೆ ಒತ್ತಿದ, ಚೀಲದೊಳಗೆ ಹಾಕಿ ಬಾಯಿ ಕಟ್ಟಿದ. ಹನ್ನೊಂದು ಗಂಟೆಯ ಬಸ್ಸಿನ ಛಾವಣಿಗೆ ಆ ಚೀಲ ಏರುವವರೆಗೂ ನಾವಿಬ್ಬರೂ ರಸ್ತೆಯ ಬದಿಗೆ ನಿಂತು ನೋಡಿದೆವು. ಬಸ್ಸು ಹೊರಟಿತು, ಪತ್ರ ಹೋಯಿತು.